ಸಿರೋಸಿಸ್ ರೋಗಿಯ ವಿಷಯದಲ್ಲಿ ಇಬ್ಬರು ವೈದ್ಯರ ಅಭಿಪ್ರಾಯ ಬೇರೆಯಾದಾಗ: ಲಿವರ್ ತಜ್ಞರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ಡಾಕ್ಟರ್ ಅವರಿಗೆ ನಮಸ್ಕಾರ. ನಮ್ಮ ತಂದೆಯವರಿಗೆ 61 ವರ್ಷ. ಲಿವರ್ ಸಿರೋಸಿಸ್‌ನಿಂದ (ಲಿವರ್ ಕಲೆಗಟ್ಟಿ ಗಡುಸಾಗುವ ಕಾಯಿಲೆ) ಹೊಟ್ಟೆಯಲ್ಲಿ ನೀರು ತುಂಬುತ್ತಿರುವುದರಿಂದ ಮೂತ್ರ ಹೆಚ್ಚಿಸುವ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದರು. ಈಗ ಹೊಟ್ಟೆ ಇನ್ನಷ್ಟು ಬಿಗಿದು, ಮೂತ್ರ ಕಡಿಮೆಯಾಗಿರುವುದರಿಂದ ಇಂದು ಬೆಳಿಗ್ಗೆ ಆಸ್ಪತ್ರೆಗೆ ಸೇರಿಸಿದ್ದೇವೆ. ಜ್ವರವಾಗಲಿ ಹೊಟ್ಟೆನೋವಾಗಲಿ ಇಲ್ಲ. ಕಳೆದ ತಿಂಗಳು 0.7 ಇದ್ದ ಕ್ರಿಯಾಟಿನಿನ್ ಈಗ 1.3 ಆಗಿದೆ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಸೂಚಿಸುವ ಐಎನ್‌ಆರ್ 1.9, ಪ್ಲೇಟ್‌ಲೆಟ್ 62,000. ಒಬ್ಬ ವೈದ್ಯರು ಮಾತ್ರೆಯ ಪ್ರಮಾಣ ಹೆಚ್ಚಿಸೋಣ, ಪ್ಲಾಸ್ಮಾ (ರಕ್ತದ ದ್ರವಭಾಗ) ಕೊಡದೆ ಹೊಟ್ಟೆಗೆ ಸೂಜಿ ಹಾಕುವುದು ಬೇಡ ಎನ್ನುತ್ತಾರೆ. ಇನ್ನೊಬ್ಬರು ಮಾತ್ರೆ ನಿಲ್ಲಿಸಿ, ಇಂದೇ ನೀರು ತೆಗೆದು ಪರೀಕ್ಷಿಸಬೇಕು ಎನ್ನುತ್ತಾರೆ. ನಾವು ಯಾರ ಮಾತು ಕೇಳಬೇಕು?

ಉತ್ತರ: ನಮಸ್ಕಾರ. ರೋಗಿಯನ್ನು ಕಣ್ಣಾರೆ ನೋಡಿದವರ ತೀರ್ಮಾನಕ್ಕೇ ಹೆಚ್ಚು ಬೆಲೆ ಎಂಬುದನ್ನು ಒಪ್ಪಿಕೊಂಡೇ ಹೇಳುತ್ತೇನೆ: ನೀವು ಕೊಟ್ಟಿರುವ ವಿವರಗಳ ಪ್ರಕಾರ ಎರಡನೆಯ ವೈದ್ಯರ ದಾರಿ ಸರಿಯಾಗಿದೆ.

ಮೊದಲು ಕ್ರಿಯಾಟಿನಿನ್ ವಿಷಯ. ಇದು ಸ್ನಾಯುಗಳಿಂದ ಹುಟ್ಟಿ ಮೂತ್ರಪಿಂಡದ ಮೂಲಕ ಹೊರಹೋಗುವ ವಸ್ತು; ಮೂತ್ರಪಿಂಡ ಸೋತರೆ ರಕ್ತದಲ್ಲಿ ಏರುತ್ತದೆ. ಸಿರೋಸಿಸ್ ಇರುವವರ ತೋಳು, ತೊಡೆಗಳು ಸೊರಗಿರುವುದರಿಂದ ಮೂತ್ರಪಿಂಡದ ಕೆಲಸ ಸಾಕಷ್ಟು ಕುಗ್ಗಿದ್ದರೂ ಅಂಕಿ ದೊಡ್ಡದಾಗಿ ಕಾಣುವುದಿಲ್ಲ. 1.3 ಎಂಬುದು ಪ್ರಯೋಗಾಲಯದ ವರದಿಯಲ್ಲಿ ಸಹಜ ಮಿತಿಯ ಅಂಚಿನಲ್ಲಿ ಇರಬಹುದು, ಆದರೆ ನಿಮ್ಮ ತಂದೆಯವರ ಪಾಲಿಗೆ ಅದು ಹೆಚ್ಚುಕಡಿಮೆ ಇಮ್ಮಡಿ. ಮೂಲ ಮಟ್ಟದ ಒಂದೂವರೆ ಪಟ್ಟು ಏರಿದರೂ, 48 ಗಂಟೆಗಳಲ್ಲಿ 0.3ರಷ್ಟು ಏರಿದರೂ ಅದನ್ನು ಮೂತ್ರಪಿಂಡಕ್ಕೆ ದಿಢೀರನೆ ಆದ ಪೆಟ್ಟು ಎಂದೇ ಪರಿಗಣಿಸುತ್ತೇವೆ. ಹೊಟ್ಟೆಯ ತುಂಬ ನೀರಿದ್ದರೂ, ಕರುಳಿನ ಸುತ್ತಲಿನ ರಕ್ತನಾಳಗಳು ಹಿಗ್ಗಿರುವುದರಿಂದ ಮೂತ್ರಪಿಂಡಕ್ಕೆ ಸಾಕಷ್ಟು ರಕ್ತ ತಲುಪುತ್ತಿರುವುದಿಲ್ಲ. ಈ ಸ್ಥಿತಿಯಲ್ಲಿ ಮಾತ್ರೆ ಹೆಚ್ಚಿಸಿದರೆ ಹೊಟ್ಟೆ ಇಳಿಯುವ ಮೊದಲೇ ಮೂತ್ರಪಿಂಡ ಸೋಲುತ್ತದೆ.

ಪ್ಲಾಸ್ಮಾ ಕೊಡದೆ ಸೂಜಿ ಹಾಕಿದರೆ ರಕ್ತಸ್ರಾವವಾದೀತೆಂಬ ಅಂಜಿಕೆ ಬಹಳ ಕಾಲದಿಂದ ಬಂದದ್ದು, ಅರ್ಥವಾಗುವಂಥದ್ದೂ ಹೌದು. ಆದರೆ ರಕ್ತವನ್ನು ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳನ್ನೂ ಹೆಪ್ಪುಗಟ್ಟದಂತೆ ತಡೆಯುವ ಪ್ರೋಟೀನ್‌ಗಳನ್ನೂ ಲಿವರ್ ತಯಾರಿಸುತ್ತದೆ. ಸಿರೋಸಿಸ್‌ನಲ್ಲಿ ಎರಡೂ ತಗ್ಗುತ್ತವೆ. ಐಎನ್‌ಆರ್ ಅಳೆಯುವುದು ಮೊದಲನೆಯದನ್ನು ಮಾತ್ರ, ಆದ್ದರಿಂದ ಅದೊಂದನ್ನೇ ನೋಡಿ ರಕ್ತಸ್ರಾವದ ಅಪಾಯವನ್ನು ಅಂದಾಜಿಸಲಾಗದು. ಹೊಟ್ಟೆಯ ನೀರು ತೆಗೆಯುವಾಗ ದೊಡ್ಡ ರಕ್ತಸ್ರಾವವಾಗುವುದು ಅಪರೂಪ. ಮೇಲಾಗಿ ಪ್ಲಾಸ್ಮಾ ರಕ್ತದ ಗಾತ್ರವನ್ನು ಹೆಚ್ಚಿಸಿ ಕರುಳಿನಿಂದ ಲಿವರ್‌ಗೆ ರಕ್ತ ಒಯ್ಯುವ ಪೋರ್ಟಲ್ ಅಭಿಧಮನಿಯ ಒತ್ತಡವನ್ನು ಏರಿಸುತ್ತದೆ.

ಇನ್ನು ಪರೀಕ್ಷೆ. ಜ್ವರ, ನೋವು ಇಲ್ಲದಿರುವುದನ್ನು ನಂಬಿ ಸೋಂಕಿಲ್ಲ ಎನ್ನುವಂತಿಲ್ಲ. ಇಂಥ ರೋಗಿಗಳಲ್ಲಿ ಮೂತ್ರಪಿಂಡದ ಕೆಲಸ ಕುಗ್ಗುವುದೇ ಕೆಲವೊಮ್ಮೆ ಸೋಂಕಿನ ಮೊದಲ ಸುಳಿವು. ಸಾಮಾನ್ಯವಾಗಿ ಹೊಟ್ಟೆಯ ಎಡ ಕೆಳಭಾಗದಲ್ಲಿ ತೆಳುವಾದ ಸೂಜಿಯಿಂದ ನೀರು ತೆಗೆದು, ಒಂದು ಪಾಲನ್ನು ಜೀವಕೋಶಗಳ ಎಣಿಕೆಗೆ ಕಳುಹಿಸಿ, ಇನ್ನೊಂದನ್ನು ಹಾಸಿಗೆಯ ಪಕ್ಕದಲ್ಲೇ ರೋಗಾಣುಗಳನ್ನು ಬೆಳೆಸಿ ಪತ್ತೆಹಚ್ಚುವ ಬ್ಲಡ್ ಕಲ್ಚರ್ ಬಾಟಲಿಗಳಿಗೆ ತುಂಬುತ್ತಾರೆ. ಒಂದು ಘನ ಮಿಲಿಮೀಟರಿನಲ್ಲಿ ನ್ಯೂಟ್ರೋಫಿಲ್‌ಗಳು (ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು) 250 ಅಥವಾ ಹೆಚ್ಚು ಇದ್ದರೆ ಸೋಂಕೆಂದು ತಿಳಿದು ಚಿಕಿತ್ಸೆ ಆರಂಭಿಸುತ್ತಾರೆ. ದಾಖಲಾದ 12 ಗಂಟೆಗಳ ಒಳಗೆ ಇದು ಆಗಬೇಕು. ದಯವಿಟ್ಟು ನಾಳೆಗೆ ಮುಂದೂಡಲು ಬಿಡಬೇಡಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರಿಂದ): ಸಿರೋಸಿಸ್ ಇರುವ ನಮ್ಮ ತಾಯಿಯವರು ಎರಡು ದಿನಗಳಿಂದ ಮಂಕಾಗಿದ್ದಾರೆ. ರಕ್ತದಲ್ಲಿ ಅಮೋನಿಯಾ (ಲಿವರ್ ತೆಗೆದುಹಾಕಬೇಕಾದ ವಿಷವಸ್ತು) ಹೆಚ್ಚಿದೆಯೆಂದು ಮಲ ಸಡಿಲಿಸುವ ಲ್ಯಾಕ್ಟುಲೋಸ್ ಔಷಧ ಆರಂಭಿಸಿದ್ದಾರೆ. ಪ್ರೋಟೀನ್ ಆಹಾರವನ್ನು ಪೂರ್ತಿ ನಿಲ್ಲಿಸಬೇಕೇ?

ಉತ್ತರ: ನಿಲ್ಲಿಸಬೇಡಿ. ಲಿವರ್ ಸೋತಾಗ ಅಮೋನಿಯಾವನ್ನು ತೆಗೆದುಹಾಕುವ ಕೆಲಸದಲ್ಲಿ ಸ್ನಾಯುಗಳು ದೊಡ್ಡ ಪಾಲು ಹೊರುತ್ತವೆ. ಅವನ್ನು ಉಪವಾಸ ಕೆಡವಿದರೆ ಕಾಯಿಲೆಯೇ ಗೆಲ್ಲುತ್ತದೆ. ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು, ಮಲಗುವ ಮುನ್ನವೂ ಏನಾದರೂ ತಿನ್ನಬೇಕು. ಆದರೆ ನನಗೆ ಹೆಚ್ಚು ಮುಖ್ಯವೆನಿಸುವ ಪ್ರಶ್ನೆ, ಈಗಲೇ ಏಕೆ ಮಂಕಾದರು ಎಂಬುದು. ಅಮೋನಿಯಾದ ಅಂಕಿ ಅದಕ್ಕೆ ಉತ್ತರ ಕೊಡುವುದಿಲ್ಲ. ಕೈಗಳನ್ನು ಮುಂದೆ ಚಾಚಿ, ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿ ಹಿಡಿಯಲು ಹೇಳಿದಾಗ ಅಂಗೈ ಪದೇಪದೇ ಜೋಲುವುದೇ ಎಂದು ವೈದ್ಯರು ನೋಡುತ್ತಾರೆ; ಜೋತರೆ ಅದು ಮಂಕು ಲಿವರ್‌ನಿಂದ ಬಂದಿರಬಹುದೆಂಬ ಸುಳಿವು. ಆಮೇಲೆ ಕಾರಣವನ್ನು ಹುಡುಕಬೇಕು: ಮಲಬದ್ಧತೆ, ಸೋಂಕು, ಸೋಡಿಯಂ ಕುಸಿತ, ನಿದ್ರೆ ಮಾತ್ರೆ. ಮಲ ಕಪ್ಪಗಾಗಿದ್ದರೆ ಒಳಗೆ ರಕ್ತಸ್ರಾವವಾಗುತ್ತಿರಬಹುದು. ಆಗ ಬರೀ ಲ್ಯಾಕ್ಟುಲೋಸ್ ಕೊಡುತ್ತ ಕೂತರೆ ಅಮೂಲ್ಯವಾದ ಸಮಯ ಹೋಗುತ್ತದೆ. ಔಷಧದ ಪ್ರಮಾಣ ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮಲವಾಗುವಷ್ಟಿರಲಿ. ಭೇದಿಯಾಗಿ ನೀರಿನಂಶ ಕಳೆದುಹೋದರೆ ಮಂಕು ಇನ್ನೂ ಹೆಚ್ಚುತ್ತದೆ.

ಪ್ರಶ್ನೆ (ಮೊದಲ ಸದಸ್ಯರಿಂದ): ನಿನ್ನೆಯೇ ನೀರು ತೆಗೆದರು, ರಕ್ತಸ್ರಾವವೇನೂ ಆಗಲಿಲ್ಲ. ನ್ಯೂಟ್ರೋಫಿಲ್ 480 ಬಂದಿದೆ, ಆ್ಯಂಟಿಬಯೋಟಿಕ್ ಕೊಡುತ್ತಿದ್ದಾರೆ. ಆಲ್ಬುಮಿನ್ (ರಕ್ತನಾಳದೊಳಗೆ ನೀರನ್ನು ಹಿಡಿದಿಡುವ ಪ್ರೋಟೀನ್) ಕೂಡ ಬೇಕು ಎನ್ನುತ್ತಾರೆ. ಅದು ನಿಜಕ್ಕೂ ಅಗತ್ಯವೇ?

ಉತ್ತರ: ಅಗತ್ಯ. 1999ರಲ್ಲಿ ಪ್ರಕಟವಾದ 126 ರೋಗಿಗಳ ಅಧ್ಯಯನದಲ್ಲಿ ಆ್ಯಂಟಿಬಯೋಟಿಕ್ ಮಾತ್ರ ಪಡೆದವರಲ್ಲಿ ಶೇ. 33 ಜನರ ಮೂತ್ರಪಿಂಡ ಕೆಟ್ಟಿತು. ಆಲ್ಬುಮಿನ್ ಕೂಡ ಪಡೆದವರಲ್ಲಿ ಅದು ಶೇ. 10. ಆಸ್ಪತ್ರೆಯಲ್ಲಿನ ಸಾವುಗಳು ಶೇ. 29ರಿಂದ ಶೇ. 10ಕ್ಕೆ ಇಳಿದವು. ಆ ಅಧ್ಯಯನದ ಪ್ರಮಾಣ ಮೊದಲ ದಿನ ಕಿಲೋಗೆ 1.5 ಗ್ರಾಂ, ಮೂರನೆಯ ದಿನ 1 ಗ್ರಾಂ. 60 ಕಿಲೋ ತೂಕದವರಿಗೆ ಮೊದಲ ದಿನವೇ 90 ಗ್ರಾಂ ಆಗುತ್ತದೆ. ಇಲ್ಲಿಯೇ ಅನುಭವ ಬೇಕಾಗುವುದು, ಏಕೆಂದರೆ ಅಷ್ಟು ಆಲ್ಬುಮಿನ್ ಹೋದಾಗ ಕೆಲವರ ಶ್ವಾಸಕೋಶಗಳಲ್ಲಿ ನೀರು ತುಂಬಬಹುದು. ಉಸಿರಾಟದ ವೇಗ, ಆಮ್ಲಜನಕದ ಮಟ್ಟ, ಕುತ್ತಿಗೆಯ ರಕ್ತನಾಳದ ಉಬ್ಬು ಇವನ್ನು ಮತ್ತೆ ಮತ್ತೆ ನೋಡುತ್ತ ಕೊಡಬೇಕು.

48 ಗಂಟೆಗಳ ನಂತರ ಮತ್ತೊಮ್ಮೆ ನೀರು ಪರೀಕ್ಷಿಸುವುದು ಒಳ್ಳೆಯದು. ನ್ಯೂಟ್ರೋಫಿಲ್ ಎಣಿಕೆ ಶೇ. 25ರಷ್ಟಾದರೂ ಇಳಿಯದಿದ್ದರೆ ಔಷಧ ಬದಲಿಸುವುದರ ಜೊತೆಗೆ ಕರುಳಿನಲ್ಲಿ ರಂಧ್ರವಾಗಿರಬಹುದೇ ಎಂದೂ ಯೋಚಿಸಬೇಕು. ಕ್ರಿಯಾಟಿನಿನ್ ಇಳಿಯದಿದ್ದರೆ ಹಿಗ್ಗಿದ ರಕ್ತನಾಳಗಳನ್ನು ಬಿಗಿಗೊಳಿಸುವ ಟರ್ಲಿಪ್ರೆಸ್ಸಿನ್ ಎಂಬ ಚುಚ್ಚುಮದ್ದಿನ ಮಾತು ಬರುತ್ತದೆ. ಆಮ್ಲಜನಕದ ಮಟ್ಟ ಶೇ. 90ಕ್ಕಿಂತ ಕೆಳಗಿದ್ದರೆ ಅದನ್ನು ಕೊಡಬಾರದು. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆಗಳು ಅವರ ಹತ್ತಿರವೂ ಸುಳಿಯಬಾರದು.

ಇನ್ನೊಂದು ವಿಷಯವನ್ನು ನೀವು ಕೇಳದಿದ್ದರೂ ಹೇಳಬೇಕು. ಹೊಟ್ಟೆಯ ನೀರಿಗೆ ಒಮ್ಮೆ ಸೋಂಕು ತಗುಲಿತೆಂದರೆ ಲಿವರ್ ಕಸಿಯ ಬಗ್ಗೆ ಕಸಿ ತಜ್ಞರನ್ನು ಕಾಣುವ ಸಮಯ ಬಂದಿದೆ ಎಂದರ್ಥ. ಬಿಲಿರುಬಿನ್, ಐಎನ್‌ಆರ್, ಕ್ರಿಯಾಟಿನಿನ್‌ಗಳಿಂದ ಲೆಕ್ಕ ಹಾಕುವ, ಕಾಯಿಲೆಯ ತೀವ್ರತೆ ತೋರಿಸುವ ಮೆಲ್ಡ್ ಅಂಕ ಇನ್ನಷ್ಟು ಏರಲಿ ಎಂದು ಕಾಯಬೇಡಿ. ಸ್ನಾಯು ಸೊರಗಿದವರಲ್ಲಿ ಆ ಅಂಕವೂ ಅಪಾಯವನ್ನು ಕಡಿಮೆ ಮಾಡಿಯೇ ತೋರಿಸುತ್ತದೆ. ಹೋಗುವಾಗ ಹಿಂದಿನ ಕ್ರಿಯಾಟಿನಿನ್ ವರದಿಗಳನ್ನೆಲ್ಲ ದಿನಾಂಕದ ಕ್ರಮದಲ್ಲಿ ಜೋಡಿಸಿ ಒಯ್ಯಿರಿ.