ಕ್ರೇಫಿಶ್ ಕೊಳದಲ್ಲಿ ಅಡಗುತಾಣ ನಿಜಕ್ಕೂ ಬೇಕಾ?

ಪ್ರಶ್ನೆ: ನಮಸ್ಕಾರ ಮೇಡಂ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಆಥರ್ಟನ್ ಟೇಬಲ್‌ಲ್ಯಾಂಡ್ಸ್‌ನಲ್ಲಿ ಒಂದು ರೆಡ್‌ಕ್ಲಾ ಕ್ರೇಫಿಶ್ (ಸೀಗಡಿಯಂಥ, ದೊಡ್ಡ ಇಕ್ಕಳವಿರುವ ಸಿಹಿನೀರಿನ ಜೀವಿ) ಫಾರ್ಮಿನಲ್ಲಿ ಕೆಲಸಕ್ಕಿದ್ದೇನೆ. ಕೊಳಕ್ಕೆ ಮರಿ ಬಿಟ್ಟು, ಅವು ಅಡಗಲಿ ಅಂತ ಮೂಲೆಯಲ್ಲಿ ನಾಲ್ಕಾರು ಪಿವಿಸಿ ಪೈಪ್ ಹಾಕಿದ್ದೆವು. ಹಿಡಿಯುವಾಗ ನೋಡಿದರೆ ಬಿಟ್ಟದ್ದರಲ್ಲಿ ಕಾಲು ಭಾಗವೂ ಇಲ್ಲ. ಉಳಿದವು ಮಾತ್ರ ದಷ್ಟಪುಷ್ಟವಾಗಿವೆ. ಹಕ್ಕಿ ಬರದಂತೆ ಬಲೆ ಇದೆ, ಸತ್ತವೂ ಕಣ್ಣಿಗೆ ಬೀಳಲಿಲ್ಲ. 'ಬೆಳವಣಿಗೆ ಚೆನ್ನಾಗಿದೆಯಲ್ಲ, ಅಡಗುತಾಣಕ್ಕೆ ಸುಮ್ನೆ ದುಡ್ಡು ಯಾಕೆ' ಅನ್ನುತ್ತಾರೆ ಜೊತೆಯವರು. ಸರಿನಾ?

ಉತ್ತರ: ಸರಿಯಲ್ಲ. ಸತ್ತವು ಕಣ್ಣಿಗೆ ಬೀಳಲಿಲ್ಲ ಅಂದಿರಲ್ಲ, ಸುಳಿವು ಅಲ್ಲೇ ಇದೆ. ಹೆಚ್ಚಿನವನ್ನು ಒಡಹುಟ್ಟಿದವೇ ತಿಂದಿರಬೇಕು.

ಕ್ರೇಫಿಶ್ ಬೆಳೆಯುವುದು ಹಳೆ ಚಿಪ್ಪು ಕಳಚಿದಾಗ ಮಾತ್ರ. ಹೊಸ ಚಿಪ್ಪು ಗಟ್ಟಿಯಾಗುವ ತನಕ ಮೈಯೆಲ್ಲ ಮೆತ್ತಗೆ. ಕಚ್ಚಲೂ ಆಗದು, ಓಡಲೂ ಆಗದು. ಆ ಹೊತ್ತಿನಲ್ಲಿ ಮರೆ ಸಿಗದಿದ್ದರೆ ಪಕ್ಕದ್ದು ಬಿಡುವುದಿಲ್ಲ. ಮರಿಗಳು ದೊಡ್ಡವುಗಳಿಗಿಂತ ಬೇಗ ಬೇಗ ಚಿಪ್ಪು ಕಳಚುತ್ತವೆ, ಹಾಗಾಗಿ ನಷ್ಟ ಜಾಸ್ತಿ ಆಗುವುದೂ ಆಗಲೇ.

ಉಳಿದವು ದಪ್ಪಗಾಗಿರುವುದಕ್ಕೆ ಮೋಸ ಹೋಗಬೇಡಿ. ಸಂಖ್ಯೆ ಕಡಿಮೆಯಾದಾಗ ಜಾಗ, ಮೇವು ಎರಡೂ ಧಾರಾಳ. ನಾಳೆ ಅಡಗುತಾಣ ಹಾಕಿ ಹೆಚ್ಚು ಮರಿ ಉಳಿದರೆ ಸರಾಸರಿ ಗಾತ್ರ ಸ್ವಲ್ಪ ಇಳಿಯಲೂಬಹುದು. ಆಗ ಗಾಬರಿಯಾಗದೆ ಕೊಳದ ಒಟ್ಟು ತೂಕ ಲೆಕ್ಕ ಹಾಕಿ. ಅಡಗುತಾಣ ಮುಖ್ಯವಾಗಿ ಉಳಿಸುತ್ತದೆ. ಬೆಳೆಸುವುದು ಮೇವು, ನೀರು ಮತ್ತು ಜಾಗ.

ಮರಿಗಳಿಗೆ ಪೈಪಿಗಿಂತ ಈರುಳ್ಳಿ ತುಂಬುವ ಜಾಲರಿ ಚೀಲದ ಕಟ್ಟು ಒಳ್ಳೆಯದು. ನಿಮ್ಮ ಕ್ವೀನ್ಸ್‌ಲ್ಯಾಂಡಿನ ರೈತರು ಬಳಸುವುದೂ ಅದನ್ನೇ. ಬುಡಕ್ಕೆ ಭಾರ, ತುದಿಗೆ ತೇಲುವ ಬುರುಡೆ ಕಟ್ಟಿದರೆ ನೀರಿನಲ್ಲಿ ನೆಟ್ಟಗೆ ನಿಲ್ಲುತ್ತದೆ. ಮಡಿಕೆ ಮಡಿಕೆಯಲ್ಲೂ ಒಂದೊಂದು ಮರಿ ಅಡಗುತ್ತದೆ. ಅದರ ಮೇಲೆ ಬೆಳೆಯುವ ಪಾಚಿ ಅವಕ್ಕೆ ತಿನಿಸೂ ಹೌದು. ಎಷ್ಟಿವೆ ನೋಡಬೇಕಾದರೆ ಕಟ್ಟನ್ನು ಎತ್ತಿ ಬಲೆಯಲ್ಲಿ ಕೊಡವಿದರಾಯಿತು. ದೊಡ್ಡವಾದ ಮೇಲೆ ಪೈಪ್, ಹಳೆ ಟೈರ್ ನಡೆಯುತ್ತದೆ. ಆದರೆ ಮೂಲೆಯಲ್ಲಿ ಗುಡ್ಡೆ ಹಾಕಬೇಡಿ, ಕೊಳದ ತುಂಬ ಹರಡಿ.

ಒಂದು ಮಾತು: ತಳದಲ್ಲಿ ಆಮ್ಲಜನಕ ಇಳಿದರೆ ಅವು ಮರೆ ಬಿಟ್ಟು ದಡ ಹತ್ತುತ್ತವೆ. ರಾತ್ರಿ ಏರೇಟರ್ (ನೀರಿಗೆ ಗಾಳಿ ಬೆರೆಸುವ ಯಂತ್ರ) ನಿಲ್ಲಿಸಬೇಡಿ.

ಪ್ರಶ್ನೆ: ಥ್ಯಾಂಕ್ಸ್ ಮೇಡಂ. ಊರಲ್ಲಿ ತಮ್ಮ ಕೃಷಿ ಹೊಂಡದಲ್ಲಿ ಸಿಹಿನೀರಿನ ಸೀಗಡಿ ಬಿಡಬೇಕು ಅಂತಿದ್ದಾನೆ. ಅವನಿಗೂ ಇದೇನಾ?

ಉತ್ತರ: ಹೌದು, ಸೀಗಡಿಯೂ ಚಿಪ್ಪು ಕಳಚಿದಾಗ ಒಂದನ್ನೊಂದು ತಿನ್ನುತ್ತದೆ. ತೆಂಗಿನ ಗರಿ ಕಟ್ಟಿ ಇಳಿಬಿಟ್ಟರೂ ಸಾಕು, ಕೊಳೆಯುವ ಮೊದಲು ಬದಲಿಸಲಿ. ಆದರೆ ನಿಮ್ಮಲ್ಲಿಂದ ರೆಡ್‌ಕ್ಲಾ ಮರಿ ತರುವ ಆಸೆ ಮಾತ್ರ ಬೇಡ. ನಮ್ಮ ಕೆರೆಗೆ ಅದು ಹೊರಗಿನ ಜೀವಿ, ಒಮ್ಮೆ ತಪ್ಪಿಸಿಕೊಂಡರೆ ಹಿಡಿಯಲಾಗದು.