ಗ್ರಿಫನ್ ಕಿಟ್ ತೆರೆದೆ, ಮುಂದೇನು? ಸೇವೆಗೆ ಸೇರದ ಫ್ರೆಂಚ್ ಜೆಟ್‌ಗಳ ಮಾಡೆಲ್ ಮಾಡಿದವರು ಅನುಭವ ಹೇಳಿ

ಪ್ರಶ್ನೆ, ದಾವಣಗೆರೆಯಿಂದ

ಎಲ್ಲರಿಗೂ ನಮಸ್ಕಾರ. ಆರು ವರ್ಷದಿಂದ ಪ್ಲಾಸ್ಟಿಕ್ ಕಿಟ್ ಜೋಡಿಸುತ್ತಿದ್ದೇನೆ. ನಮ್ಮ ವಾಯುಪಡೆಗೆ ಬಂದ ಫ್ರೆಂಚ್ ವಿಮಾನಗಳಲ್ಲಿ ತೂಫಾನಿ, ಮಿಸ್ಟೇರ್, ಮಿರಾಜ್ 2000 ಮೂರೂ ಆಯಿತು. ಅವುಗಳ ಬಗ್ಗೆ ಓದುವಾಗಲೇ ಇನ್ನೊಂದು ಲೋಕ ಕಣ್ಣಿಗೆ ಬಿತ್ತು. ಫ್ರಾನ್ಸಿನವರು ಕಟ್ಟಿ, ಹಾರಿಸಿ, ಕೊನೆಗೆ ವಾಯುಪಡೆಗೆ ಸೇರಿಸದೆ ಬಿಟ್ಟ ಜೆಟ್‌ಗಳು. ಆಸೆ ತಡೆಯಲಾಗದೆ ನಾರ್ಡ್ 1500 ಗ್ರಿಫನ್‌ನ 1/72 ಕಿಟ್ (ಅಸಲಿಯ 72ನೇ ಒಂದು ಅಳತೆಯದ್ದು) ತರಿಸಿದೆ. ಡಬ್ಬಿ ತೆರೆದ ಮೇಲೆ ಕೈಯೇ ಓಡುತ್ತಿಲ್ಲ. ಭಾಗಗಳನ್ನು ಕೂಡಿಸಲು ಪಿನ್ ಇಲ್ಲ. ಅಂಚಿಗೆಲ್ಲ ಬೇಡದ ತೆಳು ಪ್ಲಾಸ್ಟಿಕ್ ಅಂಟಿಕೊಂಡಿದೆ. ಜೋಡಿಸುವ ಕ್ರಮ ಹೇಳಲು ಇರುವುದು ಒಂದೇ ಹಾಳೆ. ಇದರಿಂದಲೇ ಶುರು ಮಾಡಲಾ, ಬೇರೆ ಸುಲಭದ್ದು ಇದೆಯಾ? ಬರೀ ಲೋಹದ ಹೊಳಪು ಹೇಗೆ ತರೋದು? ಏರ್‌ಬ್ರಷ್ ಇದೆ, ಅನುಭವ ಕಡಿಮೆ.

ಮೈಸೂರಿನಿಂದ

ಸರ್, ನಾನು ಗ್ರಿಫನ್ ಮಾಡಿದ್ದೇನೆ. ಹತ್ತು ತಿಂಗಳು ಹಿಡಿಯಿತು. ಇವತ್ತಿಗೂ ನನ್ನ ಶೆಲ್ಫ್‌ನಲ್ಲಿ ಮುಂದಿನ ಸಾಲಿನಲ್ಲಿ ಇರುವುದು ಅದೇ. ಹೆದರಬೇಡಿ, ಆಗುತ್ತದೆ.

ಅಂಟು ಮುಟ್ಟುವ ಮೊದಲು ಒಂದು ತೀರ್ಮಾನ ಮಾಡಿಕೊಳ್ಳಿ: ನೀವು ಮಾಡುವುದು ಯಾವ ದಿನದ ವಿಮಾನ? ಮಿರಾಜ್ 2000 ನೂರಾರು ತಯಾರಾದವು. ಒಂದರ ಫೋಟೋ ನೋಡಿ ಇನ್ನೊಂದು ಮಾಡಿದರೂ ಹೆಚ್ಚು ಕಡಿಮೆ ಸರಿ ಬರುತ್ತದೆ. ಪ್ರೋಟೋಟೈಪ್ ಹಾಗಲ್ಲ. ಇರುವುದೇ ಒಂದೋ ಎರಡೋ. ಅದನ್ನೂ ಬಿಚ್ಚುತ್ತಾ, ಬದಲಿಸುತ್ತಾ, ಮತ್ತೆ ಹಾರಿಸುತ್ತಾ ಇರುತ್ತಾರೆ. ಗ್ರಿಫನ್ ಎರಡಿದ್ದವು. ಮೊದಲನೆಯದು 1955ರ ಸೆಪ್ಟೆಂಬರ್ 20ರಂದು ಹಾರಿತು. ಅದರಲ್ಲಿ ಅಟಾರ್ ಟರ್ಬೋಜೆಟ್ (ಬ್ಲೇಡ್ ತಿರುಗಿಸಿ ಗಾಳಿ ಒತ್ತುವ ಮಾಮೂಲಿ ಜೆಟ್ ಎಂಜಿನ್) ಮಾತ್ರ ಇತ್ತು, ರ‍್ಯಾಮ್‌ಜೆಟ್ ಇರಲಿಲ್ಲ. ಎರಡನೆಯದು ಹಾರಿದ್ದು 1957ರ ಜನವರಿ 23ರಂದು. ರ‍್ಯಾಮ್‌ಜೆಟ್ ಇದ್ದದ್ದು, ಹೆಸರು ಮಾಡಿದ್ದು ಇದು. ಎರಡರ ಫೋಟೋ ಬೆರೆಸಿಕೊಂಡರೆ ಎಲ್ಲೂ ಇಲ್ಲದ ಮೂರನೇ ವಿಮಾನ ಆಗುತ್ತದೆ. ನಾನು ಮೊದಲ ಎರಡು ತಿಂಗಳು ಹಾಗೇ ಹಾಳು ಮಾಡಿಕೊಂಡೆ.

ಆಮೇಲೆ ಆ ವಿಮಾನ ಹೇಗೆ ಕೆಲಸ ಮಾಡುತ್ತಿತ್ತು ಅಂತ ತಿಳಿದುಕೊಳ್ಳಿ. ರ‍್ಯಾಮ್‌ಜೆಟ್‌ನಲ್ಲಿ ತಿರುಗುವ ಬ್ಲೇಡ್ ಇಲ್ಲ. ಎದುರಿನಿಂದ ನುಗ್ಗುವ ಗಾಳಿಯ ರಭಸವೇ ಅದಕ್ಕೆ ಒತ್ತಡ ಕೊಡಬೇಕು. ಹಾಗಾಗಿ ನಿಂತ ವಿಮಾನವನ್ನು ಎಬ್ಬಿಸಲು ಅದರಿಂದ ಆಗುವುದಿಲ್ಲ. ಅದಕ್ಕೇ ದೊಡ್ಡ ಕೊಳವೆಯೊಳಗೆ ಟರ್ಬೋಜೆಟ್ ಕೂರಿಸಿದರು. ಅದು ವಿಮಾನವನ್ನು ಎತ್ತಿ ವೇಗಕ್ಕೆ ತರುತ್ತದೆ, ಆಮೇಲೆ ಸುತ್ತಲಿನ ರ‍್ಯಾಮ್‌ಜೆಟ್ ಹೊತ್ತಿಕೊಳ್ಳುತ್ತದೆ. ಅಂದರೆ ಗ್ರಿಫನ್ ಒಂದು ಕೊಳವೆ, ಅದಕ್ಕೆ ರೆಕ್ಕೆ. ಪೈಲಟ್ ಕೂರುವ ಮೂಗು ಆ ಕೊಳವೆಯ ಬಾಯಿಯ ಮೇಲೆ ಚಾಚಿಕೊಂಡಿದೆ. ಮಾಡೆಲ್ ನೋಡಿದವರೆಲ್ಲ ಮೊದಲು ಬಗ್ಗಿ ನೋಡುವುದು ಆ ಬಾಯಿಯೊಳಗೆ. ನಿಮ್ಮ ಶ್ರಮದ ಅರ್ಧ ಅಲ್ಲಿಗೇ ಹೋಗಲಿ.

ಒಳಗಿನ ಜೋಡಣೆಯ ಗೆರೆ ಕಾಣಬಾರದು, ಆದರೆ ಬೆರಳು ಹೋಗುವುದಿಲ್ಲ. ನಾನು ಹೀಗೆ ಮಾಡಿದೆ. ಪೆನ್ಸಿಲ್‌ಗೆ 400 ನಂಬರಿನ ವಾಟರ್ ಪೇಪರ್ ಸುತ್ತಿ, ಒದ್ದೆ ಮಾಡಿ, ಒಳಗೆ ತಿರುಗಿಸುತ್ತಾ ಉಜ್ಜಿದೆ. ತುದಿ ತಲುಪದ ಕಡೆ ಗೆರೆ ಉಳಿಯಿತು. ಆಗ ಹಿಂದಿನ ಬಾಯಿಗೆ ಟೇಪ್ ಹಾಕಿ ಮುಚ್ಚಿ, ಬಿಳಿ ಬಣ್ಣವನ್ನು ಹಾಲಿನ ಹದಕ್ಕೆ ತೆಳು ಮಾಡಿ ಮುಂದಿನಿಂದ ಸುರಿದೆ. ದೋಸೆ ಕಾವಲಿಗೆ ಎಣ್ಣೆ ಹರಡುವ ಹಾಗೆ ನಿಧಾನ ಓರೆ ಮಾಡಿ ಸುತ್ತಲೂ ಹರಿಸಿದೆ. ಆಮೇಲೆ ಬೋರಲು ಹಾಕಿ ರಾತ್ರಿಯಿಡೀ ಸೋರಲು ಬಿಟ್ಟೆ. ಮೂರು ಸಲ ಹೀಗೆ ಮಾಡಿದ ಮೇಲೆ ಟಾರ್ಚ್ ಬಿಟ್ಟು ನೋಡಿದರೆ ಗೆರೆ ಮಾಯ. ಒಳಗೆ ಲೋಹದ ಬಣ್ಣ ಬೇಕಿದ್ದರೆ ಕೊನೆಯ ಸಲಕ್ಕೆ ಅದನ್ನೇ ಸುರಿಯಿರಿ.

ಇನ್ನೊಂದು ಮಾತು. ಅಸಲಿ ವಿಮಾನ 14.54 ಮೀಟರ್ ಉದ್ದ. 1/72ರಲ್ಲಿ ಸುಮಾರು 20 ಸೆಂಟಿಮೀಟರ್. ಭಾರವೆಲ್ಲ ಹಿಂದೆ. ಮೂಗಿನಲ್ಲಿ ತೂಕ ಇಡದಿದ್ದರೆ ಮಾಡೆಲ್ ಬಾಲದ ಮೇಲೆ ಕೂರುತ್ತದೆ. ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡು ತಂದು, ಕಾಕ್‌ಪಿಟ್‌ನ ಮುಂದೆ ಎಪಾಕ್ಸಿಯಲ್ಲಿ ಕೂರಿಸಿ. ಮೂಗು ಮುಚ್ಚುವ ಮೊದಲೇ ಟೇಪಿನಲ್ಲಿ ಎಲ್ಲ ಜೋಡಿಸಿ, ನಿಲ್ಲುತ್ತದಾ ನೋಡಿ.

ಮಂಗಳೂರಿನಿಂದ

ಲೋಹದ ಬಣ್ಣದ ಬಗ್ಗೆ ನಾನು ಹೇಳುತ್ತೇನೆ. ಬಣ್ಣಕ್ಕಿಂತ ಅದರ ಕೆಳಗಿನ ಮೈ ಮುಖ್ಯ. ಹಸಿರು, ಬೂದು ಬಣ್ಣ ಸಣ್ಣ ಗೀರುಗಳನ್ನು ಮುಚ್ಚುತ್ತವೆ. ಅಲ್ಯುಮಿನಿಯಂ ಬಣ್ಣ ಗೀರನ್ನು ಎತ್ತಿ ತೋರಿಸುತ್ತದೆ. ಪುಟ್ಟಿ ಹಾಕಿದ ಜಾಗವಂತೂ ಕಲೆಯ ಹಾಗೆ ಎದ್ದು ಕಾಣುತ್ತದೆ. ಅದಕ್ಕೆ ಬಿರುಕು ತುಂಬಲು ನಾನು ಪುಟ್ಟಿ ಬಿಟ್ಟು, ಫೆವಿಕ್ವಿಕ್‌ಗೆ ಚೂರು ಟಾಲ್ಕಂ ಪೌಡರ್ ಕಲಸಿ ಬಳಸುತ್ತೇನೆ. ಒಂದು ಗಂಟೆಯೊಳಗೆ ಉಜ್ಜಿಬಿಡಬೇಕು, ಮಾರನೇ ದಿನಕ್ಕೆ ಬಿಟ್ಟರೆ ಕಲ್ಲಾಗುತ್ತದೆ.

ಉಜ್ಜುವುದು 400, 800, 1200, 2000, ಹೀಗೆ ಬರಲಿ. ಎಲ್ಲ ನೀರಿನಲ್ಲೇ. ಆಮೇಲೆ ಹೊಳೆಯುವ ಕಪ್ಪು. ಎರಡು ದಿನ ಪೂರ್ತಿ ಒಣಗಲಿ. ಅದರ ಮೇಲೆ ಲೋಹದ ಬಣ್ಣ, ಕಡಿಮೆ ಒತ್ತಡದಲ್ಲಿ, ಮಂಜು ಬಿದ್ದ ಹಾಗೆ ತೆಳ್ಳಗೆ. ಒಂದೇ ಸಲಕ್ಕೆ ಮುಚ್ಚಲು ಹೋಗಬೇಡಿ. ಇಡೀ ಮೈಗೆ ಒಂದೇ ಬೆಳ್ಳಿ ಬಣ್ಣ ಹೊಡೆದರೆ ಆಟಿಕೆಯ ಹಾಗೆ ಕಾಣುತ್ತದೆ. ಕೆಲವು ಪ್ಯಾನೆಲ್‌ಗಳಿಗೆ ಮಾತ್ರ ಟೇಪ್ ಕಟ್ಟಿ ಸ್ವಲ್ಪ ಗಾಢ ಛಾಯೆ ಕೊಡಿ. ಬಾಲದ ಕೊಳವೆಯ ಬಳಿ ಕಂದು, ನೀಲಿ ಛಾಯೆ ಕೊಟ್ಟರೆ ಬಿಸಿಗೆ ಬಣ್ಣ ತಿರುಗಿದ ಲೋಹದ ಹಾಗೆ ಕಾಣುತ್ತದೆ.

ನಮ್ಮ ಕರಾವಳಿಯವರಿಗೆ ಒಂದು ಎಚ್ಚರಿಕೆ. ಮಳೆಗಾಲದಲ್ಲಿ ಲ್ಯಾಕರ್ ಬಣ್ಣ ಹೊಡೆಯಬೇಡಿ. ಗಾಳಿಯ ತೇವ ಹಿಡಿದು ಮೈಯೆಲ್ಲ ಬೂದಿ ಬಳಿದ ಹಾಗೆ ಬೆಳ್ಳಗಾಗುತ್ತದೆ. ನನ್ನ ಲೆದ್ಯುಕ್ (ಇದೂ ಒಂದು ಫ್ರೆಂಚ್ ರ‍್ಯಾಮ್‌ಜೆಟ್ ವಿಮಾನ) ಜುಲೈನಲ್ಲಿ ಹಾಗೆ ಬೆಳ್ಳಗಾಗಿ, ಪೂರ್ತಿ ಉಜ್ಜಿ ತೆಗೆದು ಡಿಸೆಂಬರ್‌ನಲ್ಲಿ ಮತ್ತೆ ಹೊಡೆದೆ.

ಹುಬ್ಬಳ್ಳಿಯಿಂದ

ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್ ಏರ್‌ಬ್ರಷ್ ತೊಳೆಯಲಿಕ್ಕೆ ಚಲೋ. ಬಣ್ಣಕ್ಕೆ ಬೆರೆಸಿ ನೇರ ಪ್ಲಾಸ್ಟಿಕ್ ಮೇಲೆ ಹೊಡೆಯಬೇಡಿ, ಮೈ ಕರಗುತ್ತದೆ. ಮೊದಲು ಪ್ಲಾಸ್ಟಿಕ್ ಚಮಚದ ಮೇಲೆ ನೋಡಿ. ಇನ್ನೊಂದು, ಡಿಕಾಲ್ (ನೀರಿನಲ್ಲಿ ನೆನೆಸಿ ಮಾಡೆಲ್ ಮೇಲೆ ಅಂಟಿಸುವ ಗುರುತುಗಳ ಹಾಳೆ) ಹಳದಿಯಾಗಿದ್ದರೆ ಜಿಪ್ ಕವರಿನಲ್ಲಿ ಹಾಕಿ ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ. ಎರಡು ವಾರದಲ್ಲಿ ಬಹಳಷ್ಟು ಬೆಳ್ಳಗಾಗುತ್ತದೆ. ಹಳೆಯ ಡಿಕಾಲ್ ನೀರಿಗೆ ಬಿಡುವ ಮೊದಲು ಮೇಲೆ ಒಂದು ಪದರ ಕ್ಲಿಯರ್ ಹೊಡೆಯಿರಿ, ಇಲ್ಲದಿದ್ದರೆ ಚೂರುಚೂರಾಗುತ್ತದೆ.

ಟುಲೂಸ್‌ನಿಂದ, ಊರು ಶಿವಮೊಗ್ಗ

ಇದನ್ನು ಓದಿ ತುಂಬಾ ಖುಷಿಯಾಯಿತು. ನಾನು ಇಲ್ಲಿ ಕೆಲಸದಲ್ಲಿದ್ದೇನೆ. ಪ್ಯಾರಿಸ್‌ಗೆ ಹೋದಾಗಲೆಲ್ಲ ಲ ಬೂರ್ಜೆಯ ವಾಯುಯಾನ ಮ್ಯೂಸಿಯಂಗೆ ಹೋಗುತ್ತೇನೆ. ನೀವು ಹೇಳುತ್ತಿರುವ ಗ್ರಿಫನ್ 2 ಅಲ್ಲೇ ಇದೆ. ಲೆದ್ಯುಕ್ 0.22, ಜೆಟ್ ಜೊತೆ ರಾಕೆಟ್ ಎಂಜಿನ್ ಕೂಡ ಇದ್ದ ಮೊದಲ ಟ್ರೈಡೆಂಟ್, ಇವೂ ಇವೆ.

ಲೆದ್ಯುಕ್‌ನ ಮುಂದೆ ನಿಂತರೆ ಹೊರಡಲು ಮನಸ್ಸು ಬರುವುದಿಲ್ಲ. ರೆನೆ ಲೆದ್ಯುಕ್ ಎರಡನೇ ಮಹಾಯುದ್ಧಕ್ಕೂ ಮೊದಲಿಂದ ರ‍್ಯಾಮ್‌ಜೆಟ್ ಹಿಂದೆ ಬಿದ್ದವರು. ಅವರ ಮೊದಲ ವಿಮಾನವನ್ನು ದೊಡ್ಡ ವಿಮಾನದ ಬೆನ್ನ ಮೇಲೆ ಹೊತ್ತೊಯ್ದು ಆಕಾಶದಲ್ಲಿ ಬಿಡುತ್ತಿದ್ದರು. 1949ರ ಏಪ್ರಿಲ್ 21ರಂದು ಅದು ತನ್ನದೇ ಶಕ್ತಿಯಿಂದ ಹಾರಿತು. 0.22ಕ್ಕೆ ಒಳಗೆ ಟರ್ಬೋಜೆಟ್ ಸೇರಿಸಿದರು. ನೆಲದಿಂದ ತಾನೇ ಏಳಲಿ ಅಂತ. 1956ರ ಡಿಸೆಂಬರ್ 26ರಂದು ಹಾರಿತು, 1958ಕ್ಕೆಲ್ಲ ಯೋಜನೆ ನಿಂತಿತು. ಪೈಲಟ್ ಮೂಗಿನ ಕೋನದೊಳಗೆ ಹಿಂದಕ್ಕೆ ಒರಗಿ ಮಲಗಿದ ಹಾಗೆ ಕೂರುತ್ತಾನೆ. ಗಾಳಿ ಅವನ ಸುತ್ತಲಿನ ಬಳೆಯಂಥ ಸಂದಿನಲ್ಲಿ ಒಳಗೆ ಹೋಗುತ್ತದೆ. ಮಾಡೆಲ್ ಮಾಡುವವರು ಈ ಸಂದು ಸುತ್ತಲೂ ಒಂದೇ ಅಗಲ ಇರುವಂತೆ ನೋಡಿಕೊಳ್ಳಿ. ಅರ್ಧ ಮಿಲಿಮೀಟರ್ ಓರೆಯಾದರೂ ಮೊದಲು ಕಾಣುವುದು ಅದೇ. ನಾನು ಸಂದಿಯಲ್ಲಿ ನಾಲ್ಕು ಕಡೆ ಒಂದೇ ದಪ್ಪದ ಪ್ಲಾಸ್ಟಿಕ್ ಪಟ್ಟಿ ಸಿಕ್ಕಿಸಿ, ಅಂಟು ಒಣಗಿದ ಮೇಲೆ ತೆಗೆದೆ.

ಒಂದು ಮಾತು ನೆನಪಿಡಿ. ಮ್ಯೂಸಿಯಂನಲ್ಲಿ ಕಾಣುವುದು ವಿಮಾನ ಕೊನೆಗೆ ಉಳಿದ ರೂಪ. ಮೈಸೂರಿನವರು ಕೇಳಿದ ಪ್ರಶ್ನೆ ಇಲ್ಲೂ ಬರುತ್ತದೆ. ಮೊದಲ ಟ್ರೈಡೆಂಟ್ 1953ರ ಮಾರ್ಚ್ 2ರಂದು ಹಾರಿದಾಗ ರೆಕ್ಕೆಯ ತುದಿಗಳಲ್ಲಿ ಮಾರ್ಬೊರೆ ಜೆಟ್ ಎಂಜಿನ್ ಇದ್ದವು. ಅವುಗಳ ಬಲ ಸಾಲದೆ ಆಮೇಲೆ ವೈಪರ್ ಎಂಜಿನ್ ಹಾಕಿದರು. 1953ರ ಟ್ರೈಡೆಂಟ್ ಬೇಕಾದರೆ ಆಗಿನ ಕಪ್ಪು ಬಿಳುಪು ಫೋಟೋ ನೋಡಲೇಬೇಕು.

ಟ್ರೈಡೆಂಟ್ ಮಾಡುವವರಿಗೆ: ರೆಕ್ಕೆ ಬ್ಲೇಡಿನಷ್ಟು ತೆಳು, ತುದಿಗೆ ಎಂಜಿನ್ ಭಾರ. ಬರೀ ಅಂಟು ಸಾಲದು. ಮೈಗೂ ರೆಕ್ಕೆಗೂ ಸಣ್ಣ ತೂತು ಕೊರೆದು ಹಿತ್ತಾಳೆ ಕಡ್ಡಿ ಕೂರಿಸಿ. ಈ ವಿಮಾನದ ಮೇಲೆ ಕೆಲಸ ಮಾಡುವಾಗ ನನಗೆ ಅದರ ಪೈಲಟ್ ಶಾರ್ಲ್ ಗೂಜೋಂ ನೆನಪಾಗುತ್ತಾರೆ. 1957ರ ಮೇ 21ರಂದು ಟ್ರೈಡೆಂಟ್ 2 ಆಕಾಶದಲ್ಲೇ ಸ್ಫೋಟಗೊಂಡು ಅವರು ತೀರಿಕೊಂಡರು. ರಾಕೆಟ್‌ಗೆ ಬಳಸುತ್ತಿದ್ದದ್ದು ನೈಟ್ರಿಕ್ ಆಮ್ಲ ಮತ್ತು ಫ್ಯೂರಲಿನ್, ಎರಡೂ ಸೇರಿದರೆ ತಾನಾಗೇ ಹೊತ್ತಿಕೊಳ್ಳುತ್ತವೆ. ಮರುವರ್ಷ ಮೇ 2ರಂದು ಇದೇ ಮಾದರಿಯಲ್ಲಿ ರೊಜೆ ಕಾರ್ಪಾಂಟಿಯೆ 24,217 ಮೀಟರ್ ಎತ್ತರಕ್ಕೆ ಏರಿ ವಿಶ್ವದಾಖಲೆ ಮಾಡಿದರು. ಆದರೂ ಸೇವೆಗೆ ಸೇರಲಿಲ್ಲ. ಅದನ್ನು ಮೇಜಿನ ಮೇಲೆ ಕಟ್ಟುವವರು ಇವರಿಬ್ಬರ ಹೆಸರನ್ನೂ ಸ್ಟ್ಯಾಂಡ್ ಮೇಲೆ ಬರೆಯಿರಿ ಅಂತ ನನ್ನ ಆಸೆ.

ಬೆಂಗಳೂರಿನಿಂದ

ಸುಲಭದ್ದು ಇದೆಯಾ ಅಂತ ಕೇಳಿದ್ದೀರಿ. ಇದೆ. ಡಸಾಲ್ಟ್ ಮಿರಾಜ್ 4000 ತಗೊಳ್ಳಿ. ಮಾಡೆಲ್‌ಸ್ವಿಟ್ 1/72ರಲ್ಲಿ ಮಾಡಿದೆ. ನೀವು ಮಿರಾಜ್ 2000 ಮುಗಿಸಿದ್ದೀರಿ, ಇದು ಅದರ ದೊಡ್ಡಣ್ಣ. ಅದೇ ಎಂ53 ಎಂಜಿನ್, ಒಂದರ ಬದಲು ಎರಡು. ಕಟ್ಟಿದ್ದು ಒಂದೇ ಒಂದು. 1979ರ ಮಾರ್ಚ್ 9ರಂದು ಮೊದಲು ಹಾರಿತು, ಕೊಳ್ಳುವವರು ಸಿಗಲಿಲ್ಲ. ಯಲಹಂಕದ ಪ್ರದರ್ಶನದಲ್ಲಿ ನಮ್ಮ ಮಿರಾಜ್ 2000 ನೋಡಿದವರಿಗೆ ಆ ರೂಪ ಕೂಡಲೇ ಗುರುತು ಸಿಗುತ್ತದೆ. ಮೊದಲು ಬಿಳಿ ಬಣ್ಣದಲ್ಲಿತ್ತು, ಆಮೇಲೆ ಮರಳುಗಾಡಿನ ಬಣ್ಣ ಬಳಿದರು. ಬರೀ ಲೋಹದ ಕಷ್ಟ ಇಲ್ಲ. ನಾನು ಮರಳು ಬಣ್ಣದ್ದೇ ಮಾಡಿದೆ.

ಇನ್ನೊಂದು ಬರೂದರ್ ಎಂಬ ಜೆಟ್. 1953ರ ಆಗಸ್ಟ್ 1ರಂದು ಹಾರಿದ್ದು. ಚಕ್ರವೇ ಇಲ್ಲ! ಗಾಡಿಯ ಮೇಲೆ ಕೂತು ಓಡಿ ಏಳುತ್ತಿತ್ತು, ಹುಲ್ಲಿನ ಮೇಲೆ ಜಾರುಪಟ್ಟಿಯಲ್ಲಿ ಇಳಿಯುತ್ತಿತ್ತು. ಡಯೋರಾಮಾ (ಮಾಡೆಲ್ ಸುತ್ತ ಕಟ್ಟುವ ಪುಟ್ಟ ದೃಶ್ಯ) ಇಷ್ಟಪಡುವವರಿಗೆ ಹೇಳಿ ಮಾಡಿಸಿದ್ದು. ಸುಮ್ನೆ ಹುಲ್ಲಿನ ಮೇಲೆ ಇಟ್ಟರೂ ಅದರ ಕಥೆ ಪೂರ್ತಿ ಗೊತ್ತಾಗುತ್ತದೆ. ವಿನ್ಯಾಸ ಮಾಡಿದ ಯಾಕಿಮ್ಯೂಕ್ ಪೋಲೆಂಡಿನವರು. ಕೆನಡಾದ ಚಿಪ್‌ಮಂಕ್ ತರಬೇತಿ ವಿಮಾನವೂ ಅವರದೇ.

ಮತ್ತೆ ದಾವಣಗೆರೆಯಿಂದ

ಎಲ್ಲರಿಗೂ ಮನಸಾರೆ ಧನ್ಯವಾದ. ಎರಡೂ ಮಾಡುತ್ತೇನೆ ಅಂತ ನಿರ್ಧರಿಸಿದೆ. ಏರ್‌ಬ್ರಷ್ ಕೈ ಕುದುರುವ ತನಕ ಮಿರಾಜ್ 4000. ಜೊತೆಗೇ ಗ್ರಿಫನ್ ಕೊಳವೆಯ ಕೆಲಸ ನಿಧಾನಕ್ಕೆ ನಡೆಯಲಿ. ನಾನು ಆರಿಸಿದ ದಿನ 1959ರ ಫೆಬ್ರವರಿ 24. ಅವತ್ತು ಆಂದ್ರೆ ತುರ್ಕಾ 100 ಕಿಲೋಮೀಟರ್ ಸುತ್ತನ್ನು ಗಂಟೆಗೆ 1,643 ಕಿಲೋಮೀಟರ್ ವೇಗದಲ್ಲಿ ಮುಗಿಸಿ ದಾಖಲೆ ಮಾಡಿದರು. ಹತ್ತು ವರ್ಷದ ನಂತರ ಕಾನ್ಕಾರ್ಡ್‌ನ ಮೊದಲ ಹಾರಾಟಕ್ಕೆ ಕೂತವರೂ ಅವರೇ ಅಲ್ವಾ, ಅದಕ್ಕೆ.

ನಿನ್ನೆ ರಾತ್ರಿ ಮೈಯ ಎರಡು ಭಾಗ ಟೇಪ್ ಹಾಕಿ ಹಿಡಿದು ನೋಡಿದೆ. ಹಿಂದೆ ಸರಿಯಾಗಿ ಕೂತರೆ ಮುಂದೆ ಬಾಯಿಯ ಹತ್ತಿರ ಒಂದು ಬದಿ ಕೆಳಗಿಳಿಯುತ್ತದೆ. ಉಗುರಿನಲ್ಲಿ ಸವರಿದರೆ ಮೆಟ್ಟಿಲು ಸಿಗುತ್ತದೆ. ಉಜ್ಜಿ ಸರಿ ಮಾಡಲಾ?

ಮೈಸೂರಿನಿಂದ

ಈಗಲೇ ಉಜ್ಜಬೇಡಿ ಸರ್. ಬಾಯಿಯ ದುಂಡು ಹೋಗುತ್ತದೆ. ಪಿನ್ ಇಲ್ಲದ ಕಡೆ ನಾವೇ ಪಿನ್ ಮಾಡಿಕೊಳ್ಳಬೇಕು. ಪ್ಲಾಸ್ಟಿಕ್ ಹಾಳೆಯಲ್ಲಿ 5 ಮಿಲಿಮೀಟರ್ ಅಗಲದ ಪಟ್ಟಿ ಕತ್ತರಿಸಿ, ಒಂದು ಭಾಗದ ಒಳ ಅಂಚಿಗೆ ಎರಡು ಸೆಂಟಿಮೀಟರಿಗೊಂದರಂತೆ ಅರ್ಧ ಹೊರಗೆ ಚಾಚುವ ಹಾಗೆ ಅಂಟಿಸಿ. ಕೊಳವೆಯೊಳಗೆ ಕಾಣುವ ಕಡೆ ಮಾತ್ರ ಬೇಡ. ಪೂರ್ತಿ ಒಣಗಲಿ. ಆಮೇಲೆ ಬಾಯಿಯ ಕಡೆಯಿಂದ ಶುರು ಮಾಡಿ. ಅಲ್ಲಿ ಅಂಚು ಸಮ ಮಾಡಿ ಹಿಡಿದು, ಒಂದು ಅಂಗುಲಕ್ಕಷ್ಟೇ ಅಂಟು ಬಿಟ್ಟು, ಮಾರನೇ ದಿನ ಮುಂದಿನ ಅಂಗುಲ. ಇಳಿಕೆ ಪೂರ್ತಿ ಬಾಲದ ಕಡೆ ಹೋಗಿ ಸೇರುತ್ತದೆ, ಅಲ್ಲಿ ಉಜ್ಜಿದರೂ ಗೊತ್ತಾಗುವುದಿಲ್ಲ. ಮೊದಲ ಅಂಗುಲ ಒಣಗಿದ ಮೇಲೆ ಒಂದು ಫೋಟೋ ಹಾಕಿ, ನೋಡೋಣ.