ಪಾದದ ಕೀಲು ಸವೆಯದ ಹಾಗೆ ಈಗಿಂದಲೇ ಏನು ಮಾಡಬಹುದು?

ನಿಂತ_ಕಾಲು:
ವಯಸ್ಸು 41, ತೂಕ 78 ಕೆಜಿ, ಎತ್ತರ 5 ಅಡಿ 5 ಇಂಚು. ಜಯನಗರದಲ್ಲಿ ಅಂಗಡಿ, ದಿನಕ್ಕೆ ಏಳೆಂಟು ಗಂಟೆ ಗ್ರಾನೈಟ್ ನೆಲದ ಮೇಲೆ ನಿಂತೇ ಕೆಲಸ. ಅಮ್ಮನಿಗೆ ಹೆಬ್ಬೆರಳ ಬುಡದ ಕೀಲು ಪೂರ್ತಿ ಸವೆದಿದೆ. ನನ್ನ ಬಲಗಾಲು ಎರಡು ಸಲ ಉಳುಕಿ, ಎರಡೂ ಸಲ ಕ್ರೇಪ್ ಬ್ಯಾಂಡೇಜ್ ಸುತ್ತಿ ಬಿಟ್ಟಿದ್ದು. ಈಗ ನೋವಿಲ್ಲ, ಬೆಳಿಗ್ಗೆ ಎದ್ದಾಗ ಐದು ನಿಮಿಷ ಬಿಗಿ ಇರುತ್ತೆ ಅಷ್ಟೆ. ಶೂ, ವ್ಯಾಯಾಮ, ಊಟ, ಯಾವುದನ್ನ ಮೊದಲು ಹಿಡಿಯಲಿ? ಬೇಳೆ ಬಿಡು ಅಂತ ಮನೆಯಲ್ಲಿ ಒತ್ತಾಯ.

ಫಿಸಿಯೊ_ಬಸವನಗುಡಿ:
ಮೊದಲು ಆ ಉಳುಕು. ಮಂಡಿ ವಯಸ್ಸಾದ ಹಾಗೆ ಸವೆಯುತ್ತೆ, ಕಾಲಿನ ಗಿಣ್ಣು ಅಂದ್ರೆ ಆ್ಯಂಕಲ್ ಹಾಗಲ್ಲ. ಅಲ್ಲಿ ಆರ್ಥರೈಟಿಸ್ ಬರೋದು ಬಹುಪಾಲು ಹಳೆ ಮುರಿತದಿಂದ, ಇಲ್ಲ ಪದೇ ಪದೇ ಆದ ಉಳುಕಿನಿಂದ. ಬ್ಯಾಂಡೇಜ್ ಊತ ಇಳಿಸುತ್ತೆ, ಮೂಳೆಗಳನ್ನ ಹಿಡಿದಿಡೋ, ಈಗ ಸಡಿಲವಾದ ಕಟ್ಟುಗಳಿಗೆ (ಲಿಗಮೆಂಟ್) ಹಿಡಿತ ಕೊಡಲ್ಲ. ಕೀಲು ಒಳಗೊಳಗೇ ಜಾರ್ತಾ ಮೃದ್ವಸ್ಥಿ ತಿನ್ನುತ್ತೆ.

ಎರಡು ಪರೀಕ್ಷೆ ಮನೆಯಲ್ಲೇ ಮಾಡಿ. ಒಂದು, ಬರಿಗಾಲಲ್ಲಿ ಒಂಟಿಕಾಲ ಮೇಲೆ 30 ಸೆಕೆಂಡ್ ನಿಲ್ಲಿ. ಇನ್ನೊಂದು, ಗೋಡೆಗೆ ಮುಖ ಮಾಡಿ, ಹಿಮ್ಮಡಿ ಎತ್ತದೆ ಮಂಡಿ ಗೋಡೆಗೆ ತಾಗಿಸಿ. ಮಂಡಿ ತಾಗುವಷ್ಟರವರೆಗೆ ಪಾದ ಹಿಂದೆ ಸರಿಸ್ತಾ ಹೋಗಿ, ಹೆಬ್ಬೆರಳಿಂದ ಗೋಡೆಗೆ ಎಷ್ಟು ದೂರ ಅಂತ ಟೇಪಲ್ಲಿ ಅಳೆಯಿರಿ. ಎರಡು ಕಾಲಿಗೂ 2 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ, ಅಳತೆ ಕಮ್ಮಿ ಇರೋ ಕಾಲಿನ ಮೇಲೆ ಕೆಲಸ ಇದೆ.

ಮೀನಖಂಡ ಎಳೆಯೋದು ದಿನಾ: ಗೋಡೆಗೆ ಕೈಯೂರಿ, ಹಿಂಗಾಲಿನ ಮಂಡಿ ನೆಟ್ಟಗಿಟ್ಟು 30 ಸೆಕೆಂಡ್, ಮೂರು ಸಲ. ಆಮೇಲೆ ಅದೇ ಮಂಡಿ ಸ್ವಲ್ಪ ಮಡಿಸಿ ಮೂರು ಸಲ. ಹಿಮ್ಮಡಿ ಎತ್ತೋದು ದಿನ ಬಿಟ್ಟು ದಿನ, 12ರಂತೆ ಮೂರು ಸುತ್ತು; ಎರಡು ಎಣಿಸೋ ಹೊತ್ತಿಗೆ ಮೇಲೆ, ಮೂರು ಎಣಿಸ್ತಾ ಕೆಳಗೆ. ಹೆಚ್ಚಿನವರು ತಪ್ಪೋದು ಇಲ್ಲೇ: ಎತ್ತುವಾಗ ಭಾರ ಕಿರುಬೆರಳ ಕಡೆ ಜಾರುತ್ತೆ, ಅದು ಕಾಲು ಉಳುಕೋ ದಿಕ್ಕೇ. ಭಾರ ಹೆಬ್ಬೆರಳ ಬುಡದ ಮೇಲಿರಲಿ.

ಮತ್ತೆ ಉಳುಕಿದರೆ, ನಾಲ್ಕು ಹೆಜ್ಜೆ ಇಡೋಕಾಗದಿದ್ದರೆ ಅಥವಾ ಗಿಣ್ಣಿನ ಹಿಂಭಾಗದಲ್ಲಿ ಮೂಳೆ ಒತ್ತಿದಾಗ ನೋವಿದ್ದರೆ ಎಕ್ಸ್-ರೇ ಆಗಲೇಬೇಕು. ನಮ್ಮೂರ ಫುಟ್‌ಪಾತಲ್ಲಿ ಚರಂಡಿ ಚಪ್ಪಡಿ ಎದ್ದಿರೋ ಕಡೆ ಫೋನ್ ನೋಡ್ಕೊಂಡು ನಡೆಯಬೇಡಿ ಅಂತ ಬೇರೆ ಹೇಳಬೇಕಾ!

ಅಟ್ಟೆ_ಲೆಕ್ಕ:
ಶೂ ಕೊಳ್ಳೋದು ಸಾಯಂಕಾಲ, ಪಾದ ಸ್ವಲ್ಪ ಬಾತಿರುವಾಗ. ಒಳಗಿನ ಇನ್‌ಸೋಲ್ ಹೊರಗೆ ತೆಗೆದು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಿ. ಪಾದ ಅಂಚು ದಾಟಿದರೆ ಆ ಶೂ ಬೇಡ, ಸೈಜ್ ಸಂಖ್ಯೆ ಏನೇ ಇರಲಿ. ಉದ್ದದ ಬೆರಳ ಮುಂದೆ ಸುಮಾರು 1 ಸೆಂ.ಮೀ. ಜಾಗ ಬೇಕು. ಹಿಮ್ಮಡಿ ಭಾಗ ಹಿಂಡಿದರೆ ಕುಸಿಯಬಾರದು; ಶೂ ಬಗ್ಗಬೇಕಾದ್ದು ಬೆರಳ ಬುಡದಲ್ಲಿ, ನಡುವಲ್ಲಲ್ಲ.

ಹವಾಯಿ ಚಪ್ಪಲಿ ಇಡೀ ದಿನಕ್ಕೆ ಆಗಲ್ಲ, ಜಾರದ ಹಾಗೆ ಬೆರಳುಗಳು ಹಿಡೀತಾನೇ ಇರಬೇಕಾಗುತ್ತೆ. ಮನೆಯೊಳಗೆ ಹಿಂದೆ ಪಟ್ಟಿ ಇರೋ ಎಂಸಿಆರ್ (ಮೆತ್ತಗಿನ ಮೈಕ್ರೊಸೆಲ್ಯುಲರ್ ರಬ್ಬರ್) ಚಪ್ಪಲಿ ಸಾಕು. ಅಂಗಡಿಯಲ್ಲಿ ನಿಲ್ಲೋ ಜಾಗಕ್ಕೆ ದಪ್ಪ ರಬ್ಬರ್ ಮ್ಯಾಟ್ ಹಾಕಿ. ತೀರಾ ಮೆತ್ತಗಿನ ಫೋಮ್ ಬೇಡ, ಪಾದ ಒಳಕ್ಕೆ ಹೂತು ಇನ್ನೂ ದಣಿಯುತ್ತೆ.

ಫಿಸಿಯೊ_ಬಸವನಗುಡಿ:
ಒಂದು ತಿದ್ದುಪಡಿ. "ಬೆರಳ ಬುಡದಲ್ಲಿ ಬಗ್ಗಬೇಕು" ಅನ್ನೋದು ಆರೋಗ್ಯವಂತ ಕೀಲಿಗೆ. ಇವರ ಅಮ್ಮನಿಗೆ ಉಲ್ಟಾ: ಬಗ್ಗದ ಗಟ್ಟಿ ಅಟ್ಟೆ, ಮುಂದುಗಡೆ ತೊಟ್ಟಿಲ ಹಾಗೆ ಮೇಲಕ್ಕೆ ಬಾಗಿರೋದು ಬೇಕು. ಕೀಲು ಮಡಿಸದೇ ಹೆಜ್ಜೆ ಉರುಳುತ್ತೆ.

ಯೂರಿಕ್_ಆರು:
ಬೇಳೆ ಬಿಡಬೇಡಿ. ಮನೆಯವರ ಹೆದರಿಕೆ ಗೌಟ್ ಬಗ್ಗೆ ಇರಬೇಕು, ಅಂದ್ರೆ ಯೂರಿಕ್ ಆಸಿಡ್ ಕೀಲಲ್ಲಿ ಹರಳುಗಟ್ಟಿ ಬರೋ ಊತ. ಅದರ ಅಪಾಯ ಹೆಚ್ಚಿಸೋದು ಬಿಯರ್, ಲಿವರ್-ಕಿಡ್ನಿಯಂಥ ಮಾಂಸ, ಕೆಲವು ಸಮುದ್ರದ ಮೀನು, ಸಕ್ಕರೆ ತುಂಬಿದ ತಂಪು ಪಾನೀಯ. ಬೇಳೆ ಸಾರು, ಪಾಲಕ್ ಸೊಪ್ಪಿಗೆ ಆ ಅಪವಾದ ಸಲ್ಲದು. ಹೆಬ್ಬೆರಳು ರಾತ್ರೋರಾತ್ರಿ ಕೆಂಪಗೆ ಊದಿ, ಹೊದಿಕೆ ತಾಗಿದರೂ ಉರಿದರೆ ಗೌಟ್ ಇರಬಹುದು. ಆ ಹೊತ್ತಲ್ಲಿ ರಕ್ತದ ಯೂರಿಕ್ ಆಸಿಡ್ ನಾರ್ಮಲ್ ಬರೋದೂ ಉಂಟು, ನೋವು ಇಳಿದು ಎರಡು ವಾರವಾದ ಮೇಲೆ ಮತ್ತೆ ನೋಡಿಸಬೇಕು. ಗೌಟ್ ಇದೆ ಅಂತಾಗಿ ಮಾತ್ರೆ ಶುರುವಾದರೆ ರಕ್ತದ ಯೂರಿಕ್ ಆಸಿಡ್ ಗುರಿ ಪ್ರತಿ ಡೆಸಿಲೀಟರಿಗೆ 6 ಮಿ.ಗ್ರಾಂ.ಗಿಂತ ಕೆಳಗೆ.

ಐದು ನಿಮಿಷದ ಬಿಗಿಗೆ ಹೆದರಬೇಡಿ. ಅರ್ಧ ಗಂಟೆ ಮೀರಿದರೆ, ಎರಡೂ ಪಾದದ ಬೆರಳ ಬುಡ ಊದಿದರೆ, ಅದು ಸವೆತವಲ್ಲ, ರುಮಟಾಯ್ಡ್ ಆರ್ಥರೈಟಿಸ್ ಇರಬಹುದು, ಅಂದ್ರೆ ದೇಹದ ರೋಗನಿರೋಧಕ ಶಕ್ತಿಯೇ ಕೀಲಿನ ಮೇಲೆ ತಿರುಗಿ ಬೀಳೋ ಕಾಯಿಲೆ. ಅದಕ್ಕೆ ರುಮಟಾಲಜಿಸ್ಟನ್ನ ಬೇಗ ನೋಡಿದಷ್ಟೂ ಕೀಲು ಉಳಿಯುತ್ತೆ. ಸಿಗರೇಟ್ ಅದರ ಅಪಾಯ ಹೆಚ್ಚಿಸುತ್ತೆ. ಶುಗರ್ ಇರೋರಿಗೆ ಪಾದ ಬಿಸಿಯಾಗಿ ಊದಿ ನೋವೇ ಇಲ್ಲದಿದ್ದರೆ ಅದು ಸಮಾಧಾನದ ವಿಷಯ ಅಲ್ಲ, ಅವತ್ತೇ ಕಾಲೂರೋದು ನಿಲ್ಲಿಸಿ ಡಾಕ್ಟರ್ ಹತ್ರ ಹೋಗಿ.

ಲಟಿಕೆ ಮುರಿದರೆ ಸಂಧಿವಾತ ಬರುತ್ತೆ ಅನ್ನೋದು ಬರೀ ಮಾತು.

ನಿಂತ_ಕಾಲು:
ಅಳೆದೆ. ಎಡ 11, ಬಲ 7 ಸೆಂ.ಮೀ. ಬಲಗಾಲಲ್ಲಿ 30 ಸೆಕೆಂಡ್ ನಿಲ್ಲೋಕೆ ಆಗ್ಲಿಲ್ಲ, 12ಕ್ಕೇ ಕಾಲು ಊರಿದೆ. ಲಾಲ್‌ಬಾಗಲ್ಲಿ ಓಟ ಶುರು ಮಾಡಬಹುದಾ?

ಫಿಸಿಯೊ_ಬಸವನಗುಡಿ:
ಈಗಲೇ ಬೇಡ. ಎಂಟು ವಾರ ಮೇಲಿನ ವ್ಯಾಯಾಮ, ಜೊತೆಗೆ ಸಮತಟ್ಟಾದ ದಾರಿಯಲ್ಲಿ 30 ನಿಮಿಷ ಬಿರುಸು ನಡಿಗೆ. ಅಲ್ಲಿನ ಬಂಡೆ ಹತ್ತಬೇಡಿ, ಇಳಿಜಾರಲ್ಲೇ ಕಾಲು ತಿರುಗೋದು. ನಾಲ್ಕೈದು ಕೆಜಿ ಇಳಿಸಿದರೆ ಪ್ರತಿ ಹೆಜ್ಜೆಗೂ ಅಷ್ಟು ಭಾರ ಕಮ್ಮಿ. ಬಲಗಾಲು 30 ಸೆಕೆಂಡ್ ನಿಂತು, ಅಳತೆ ಎಡಗಾಲಿನ ಹತ್ತಿರ ಬಂದ ಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹಾಗೆ ಹತ್ತು ಸುತ್ತು. ಮಾರನೇ ದಿನ ಗಿಣ್ಣು ಊದಿದ್ದರೆ ಸುತ್ತು ಅರ್ಧಕ್ಕಿಳಿಸಿ. ಎಂಟು ವಾರದ ನಂತರವೂ 7ರಲ್ಲೇ ನಿಂತಿದ್ದರೆ, ಗಿಣ್ಣಿನ ಮುಂಭಾಗದಲ್ಲಿ ಮೂಳೆ ಬೆಳೆದಿದೆಯಾ ಅಂತ ಆರ್ಥೊಪೆಡಿಕ್ ಡಾಕ್ಟರಿಗೆ ತೋರಿಸಿ, ನಿಂತ ಭಂಗಿಯಲ್ಲೇ ಎಕ್ಸ್-ರೇ ತೆಗೆಸಿ.